ಕಾವು ತಗುಲಿದ ಜೀವಕೋಶದ ಸಾಕ್ಷ್ಯ

ಒಲೆಯ ಮುಂದೆ ನಿಂತವನು ಬೆವರುವುದನ್ನು ಎಲ್ಲರೂ ಬಲ್ಲರು. ಕಾವು ಮಿತಿಮೀರಿದಾಗ ಒಂದೊಂದು ಜೀವಕೋಶವೂ ಅದನ್ನರಿತು ಆತ್ಮರಕ್ಷಣೆಗೆ ತೊಡಗುವುದೆಂಬುದು ಮಾತ್ರ ಬಹುಕಾಲ ಯಾರಿಗೂ ತಿಳಿದಿರಲಿಲ್ಲ.

ತಿಳಿದದ್ದೂ ಆಕಸ್ಮಿಕವಾಗಿಯೇ. ಇಟಲಿಯಲ್ಲಿ ಫೆರುಚ್ಚಿಯೋ ರಿತೋಸಾ ಎಂಬ ವಿಜ್ಞಾನಿಯು ಹಣ್ಣಿನ ನೊಣದ ಮರಿಹುಳುಗಳ ಲಾಲಾಗ್ರಂಥಿಗಳನ್ನು ಪರೀಕ್ಷಿಸುತ್ತಿದ್ದಾಗ, ಯಾರೋ ಅವುಗಳನ್ನಿಟ್ಟಿದ್ದ ಪೆಟ್ಟಿಗೆಯ ಉಷ್ಣತೆಯನ್ನು ಏರಿಸಿಬಿಟ್ಟರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವರ್ಣತಂತುಗಳ ಮೇಲೆ ಹೊಸ ಉಬ್ಬುಗಳು! 1962ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಆ ಉಬ್ಬುಗಳಿಂದ ಹುಟ್ಟುವುದೇನು? 1974ರಲ್ಲಿ ಟಿಸಿಯೇರ್, ಮಿಚೆಲ್, ಟ್ರೇಸಿ ಎಂಬ ಮೂವರು ನೊಣದ ಗ್ರಂಥಿಗಳಿಗೆ ಕಾವು ಕೊಟ್ಟು, ಅವುಗಳನ್ನು ಕರಗಿಸಿ, ಪ್ರೋಟೀನುಗಳನ್ನು ಬೇರ್ಪಡಿಸಿ ನೋಡಿದರು. ಕಾವು ತಗುಲದ ಗ್ರಂಥಿಗಳಲ್ಲಿ ಕಾಣದ ಗೆರೆಗಳು ಅಲ್ಲಿ ಎದ್ದುಕಂಡವು. ಕೆಡುತ್ತಿರುವ ಇತರ ಪ್ರೋಟೀನುಗಳನ್ನು ಸರಿಯಾದ ಆಕಾರದಲ್ಲಿ ಹಿಡಿದಿಡುವ ಈ ರಕ್ಷಕರು ಬ್ಯಾಕ್ಟೀರಿಯದಿಂದ ಮನುಷ್ಯನವರೆಗೆ ಇವೆ.

ಇಂದಿಗೂ ಮಾರ್ಗ ಅದೇ. ಒಂದೇ ಬಗೆಯ ಕೋಶಗಳನ್ನು ಎರಡು ತಟ್ಟೆಗಳಲ್ಲಿ ಬೆಳೆಸಿ, ಒಂದಕ್ಕೆ ಕಾವನ್ನೋ ಅತಿನೇರಳೆ ಕಿರಣವನ್ನೋ ತಾಗಿಸುತ್ತಾರೆ. ಇನ್ನೊಂದನ್ನು ಅದರ ಪಾಡಿಗೆ ಬಿಡುತ್ತಾರೆ. ಬಳಿಕ ಎರಡನ್ನೂ ಮಂಜುಗಡ್ಡೆಯ ಮೇಲಿರಿಸಿ, ಸಾಬೂನಿನಂಥ ದ್ರಾವಣದಿಂದ ಕೋಶಗಳನ್ನು ಒಡೆದು ರಸ ತೆಗೆಯುತ್ತಾರೆ. ಮಂಜುಗಡ್ಡೆಯಿಲ್ಲದೆ ನಡೆಯದು. ಆಪತ್ತಿನ ಸುದ್ದಿ ಬಂದೊಡನೆ ಪಿ38 ಎಂಬ ಪ್ರೋಟೀನಿಗೆ ಫಾಸ್ಫೇಟಿನ ಮುದ್ರೆ ಬೀಳುತ್ತದೆ. ಆ ಮುದ್ರೆಯನ್ನು ಅಳಿಸುವ ಕಿಣ್ವಗಳೂ ಅದೇ ರಸದಲ್ಲಿರುತ್ತವೆ. ಅವನ್ನು ತಡೆಯುವ ಔಷಧವನ್ನೂ ಬೆರೆಸದಿದ್ದರೆ ಸಾಕ್ಷ್ಯವೇ ಮಾಯವಾದೀತು.

ಮುದ್ರೆ ಬಿದ್ದ ಪಿ38ಅನ್ನು ಮಾತ್ರ ಗುರುತಿಸುವ ಪ್ರತಿಕಾಯಗಳಿವೆ. ಹೊಸ ಔಷಧವೊಂದನ್ನು ಕೊಟ್ಟಮೇಲೆ ಗೆರೆ ಮೂಡದಿದ್ದರೆ ಔಷಧವು ಗೆದ್ದಿತೆಂದು ಹಿಗ್ಗಬೇಕೇ? ಪ್ರತಿಕಾಯವೇ ಕೆಟ್ಟಿದ್ದರೂ ಗೆರೆ ಮೂಡದು! ಆದುದರಿಂದಲೇ, ಆಘಾತಕ್ಕೊಳಗಾದುದೆಂದು ಖಚಿತವಾಗಿ ತಿಳಿದ ಕೋಶಗಳ ರಸವನ್ನು ಪಕ್ಕದಲ್ಲಿಟ್ಟು ಪರೀಕ್ಷಿಸುತ್ತಾರೆ. ತಕ್ಕಡಿಯನ್ನು ನಂಬುವ ಮೊದಲು ಗೊತ್ತಿರುವ ತೂಕದ ಬಟ್ಟನ್ನಿಟ್ಟು ನೋಡುವ ವ್ಯಾಪಾರಿಯ ಜಾಣತನವೇ ಇದು. ರೋಗಿಯ ಬಾಯಿಗೆ ಹೋಗಬೇಕಾದ ಔಷಧದ ಯೋಗ್ಯತೆಯನ್ನು ತೂಗುವಲ್ಲಿ ಇಷ್ಟು ಎಚ್ಚರ ಹೆಚ್ಚೇನಲ್ಲ. ಎರಡು ರಸಗಳಲ್ಲಿಯೂ ಒಟ್ಟು ಪಿ38 ಸಮನಾಗಿದೆಯೇ ಎಂಬುದನ್ನೂ ನೋಡಬೇಕು. ಇಲ್ಲವಾದರೆ ಹೆಚ್ಚು ಸುರಿದ ಕಡೆ ಗೆರೆ ತಾನಾಗಿಯೇ ಕಪ್ಪಾಗುವುದು.

ಒಂದು ಕೊರತೆಯಂತೂ ಉಳಿದೇ ಇದೆ. ಲಕ್ಷಾಂತರ ಕೋಶಗಳು ಬೆರೆತ ರಸವು ಅವೆಲ್ಲದರ ಸರಾಸರಿಯನ್ನು ಹೇಳುವುದೇ ಹೊರತು, ಯಾವ ಕೋಶ ನೊಂದಿತು, ಯಾವುದು ಪಾರಾಯಿತು ಎಂಬುದನ್ನು ಹೇಳಲಾರದು.