ಬೀದಿಯ ಪಾಲಿನ ಬಿಸಿಲು

1915ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯ ಅಂಚಿನಿಂದಲೇ, ಎಲ್ಲಿಯೂ ಒಂದು ಗೇಣು ಹಿಂದೆ ಸರಿಯದೆ, ಸುಮಾರು 40 ಅಂತಸ್ತುಗಳ ಎತ್ತರಕ್ಕೆ ನೆಟ್ಟನೆ ಎದ್ದುನಿಂತ ಈಕ್ವಿಟಬಲ್ ಕಟ್ಟಡವು ನೆರೆಹೊರೆಯವರ ಬಿಸಿಲನ್ನು ಅಪಹರಿಸಿದುದು, ಮರುವರ್ಷ ಆ ನಗರವು ಅಂಗೀಕರಿಸಿದ ವಲಯ ನಿಯಮಾವಳಿಗೆ ಪ್ರಬಲವಾದೊಂದು ಪ್ರೇರಣೆಯಾಯಿತು. ಅದರಂತೆ, ಬೀದಿಯ ಅಗಲಕ್ಕೆ ಅನುಗುಣವಾಗಿ ಗೊತ್ತುಪಡಿಸಿದ ಎತ್ತರದವರೆಗೆ ಮಾತ್ರ ಗೋಡೆಯು ನೇರವಾಗಿ ಏರಬಹುದಾಗಿತ್ತು. ಅಲ್ಲಿಂದ ಮೇಲೆ, ಬೀದಿಯ ನಡುವಿನಿಂದ ಆಕಾಶದತ್ತ ಎಳೆದ ಓರೆಗೆರೆಯೊಂದನ್ನು ದಾಟದಂತೆ, ಕಟ್ಟಡವು ಮೆಟ್ಟಿಲುಮೆಟ್ಟಿಲಾಗಿ ಹಿಂದೆ ಸರಿಯಬೇಕಾಗಿತ್ತು. ನಿವೇಶನದ ಕಾಲುಭಾಗದ ಮೇಲೆ ಮಾತ್ರ ಗೋಪುರವು ಮನಬಂದಷ್ಟು ಬೆಳೆಯಬಹುದೆಂಬ ವಿನಾಯಿತಿಯೂ ಅದರಲ್ಲಿತ್ತು. ಧನಿಕರ ಅಹಂಕಾರಕ್ಕೂ ಶಾಸನಕಾರರು ಕೊಂಚ ಎಡೆಗೊಟ್ಟಿದ್ದರೆನ್ನಬೇಕು! 1931ರಲ್ಲಿ ಪೂರ್ಣಗೊಂಡ ಎಂಪೈರ್ ಸ್ಟೇಟ್ ಕಟ್ಟಡದ 5 ಅಂತಸ್ತುಗಳ ವಿಶಾಲವಾದ ಪೀಠವೂ, ಅದರ ಅಂಚಿನಿಂದ ಬಹುವಾಗಿ ಒಳಸರಿದು ಮೇಲೇರಿದ ಶಿಖರವೂ ಶಿಲ್ಪಿಯ ಕಲ್ಪನೆಗೆಷ್ಟೋ ಈ ನಿಯಮಕ್ಕೂ ಅಷ್ಟೇ ಋಣಿಯಾಗಿವೆ.