ಪದೇ ಪದೇ ಮೂತ್ರ, ಮಂಕಾದ ಮನಸ್ಸು

ಹರೆಯದ ಮಗ ಅರ್ಧ ಗಂಟೆಗೊಮ್ಮೆ ಮೂತ್ರಕ್ಕೆ ಓಡುತ್ತಾನೆಯೇ? ಉರಿ, ಕಿಬ್ಬೊಟ್ಟೆ ನೋವು, ಕೆಲವೊಮ್ಮೆ ಮೂತ್ರದಲ್ಲಿ ರಕ್ತವೂ ಇದೆಯೇ? ಪರೀಕ್ಷೆಯಲ್ಲಿ ರೋಗಾಣು ಕಾಣದೆ, ಆಂಟಿಬಯಾಟಿಕ್‌ಗೂ ಗುಣವಾಗದಿದ್ದರೆ ಕೆಟಮಿನ್ ಸೇವನೆಯ ಸಾಧ್ಯತೆಯನ್ನೂ ಯೋಚಿಸಿ.

ಕೆಟಮಿನ್ ಶಸ್ತ್ರಚಿಕಿತ್ಸೆಗೆ ಬಳಸುವ ಅರಿವಳಿಕೆ. ಅಮಲಿಗಾಗಿ ಪದೇ ಪದೇ ಸೇವಿಸಿದರೆ ಅದರ ಅಂಶಗಳು ಮೂತ್ರಕೋಶದ ಒಳಪದರವನ್ನು ಹುಣ್ಣಾಗಿಸುತ್ತವೆ. ಮೂತ್ರಕೋಶ ಕ್ರಮೇಣ ಕುಗ್ಗುತ್ತದೆ, ಮೂತ್ರಪಿಂಡಗಳಿಗೂ ಅಪಾಯ. ವೈದ್ಯರು ಈ ಕಾಯಿಲೆಯನ್ನು ಮೊದಲು ವರದಿ ಮಾಡಿದ್ದು 2007ರಲ್ಲಿ. ನೋವು ಮರೆಯಲು ಮತ್ತೆ ಅದನ್ನೇ ಸೇವಿಸುವವರಿದ್ದಾರೆ. ಆಗ ನಿದ್ದೆ ಕೆಡುತ್ತದೆ, ನಾಚಿಕೆಯಿಂದ ಜನರ ಸಹವಾಸ ತಪ್ಪುತ್ತದೆ, ಖಿನ್ನತೆ ಕವಿಯುತ್ತದೆ.

ಮೊದಲ ಚಿಕಿತ್ಸೆ ಸೇವನೆಯನ್ನು ಪೂರ್ತಿ ನಿಲ್ಲಿಸುವುದು. ಬೇಗ ಬಿಟ್ಟರೆ ಹಲವರಲ್ಲಿ ತೊಂದರೆ ಇಳಿಯುತ್ತದೆ. ತಡವಾದರೆ ಶಸ್ತ್ರಚಿಕಿತ್ಸೆ ಬೇಕಾದೀತು. ಮೂತ್ರರೋಗ ತಜ್ಞರನ್ನೂ ಮನೋವೈದ್ಯರನ್ನೂ ಕಾಣಿ. ಸೇವನೆಯ ವಿಷಯವನ್ನು ಅವರಿಂದ ಮುಚ್ಚಿಡಬೇಡಿ. ಟೆಲಿ ಮಾನಸ್‌ನ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಊರವರು ಏನೆಂದಾರು ಎಂಬ ಅಂಜಿಕೆಯಲ್ಲಿ ದಿನ ಕಳೆಯಬೇಡಿ. ಬೈದು ದೂರ ಮಾಡುವ ಬದಲು ಪಕ್ಕದಲ್ಲಿ ಕೂತು ಕೇಳಿ. ಮಗ ಬಾಯಿ ಬಿಟ್ಟ ದಿನವೇ ಚಿಕಿತ್ಸೆ ಶುರುವಾಗುತ್ತದೆ.