ಬ್ಯಾಡ್ಜಿನ ಮೇಲಿರುವುದು ಬಣ್ಣವೋ, ಗಾಜೋ?

ಸ್ಕೌಟಿನದ್ದೋ, ಕ್ರೀಡಾಕೂಟದ್ದೋ ಒಂದು ಬ್ಯಾಡ್ಜು ನಿಮ್ಮ ಹತ್ತಿರ ಇದ್ದೀತು. ಅಂಗೈ ಮೇಲಿಟ್ಟು ನೋಡಿ. ಲೋಹದ ಗೆರೆಗಳ ನಡುವೆ ಕೆಂಪು, ನೀಲಿ ಹೊಳೆಯುತ್ತಿದೆಯೇ? ಅದು ಬಣ್ಣವೋ, ಗಾಜೋ? ಬ್ಯಾಡ್ಜು ಕೂಡಿಡುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಪಾಸೂ ಹೌದು, ಜಾಹೀರಾತೂ ಹೌದು

ಇಂಗ್ಲೆಂಡಿನ ಕಡಲ ತೀರದ ಸ್ಕೆಗ್ನೆಸ್ ಎಂಬ ಊರಿನಲ್ಲಿ ಬಿಲ್ಲಿ ಬಟ್ಲಿನ್ ಎಂಬವರು 1936ರಲ್ಲಿ ರಜಾ ಶಿಬಿರವೊಂದನ್ನು ತೆರೆದರು. ಬಂದವರಿಗೆಲ್ಲ ಒಂದೊಂದು ಎನಾಮಲ್ ಬ್ಯಾಡ್ಜು. ಶಿಬಿರದೊಳಗೆ ಅದೇ ಪಾಸು. ಊರಿಗೆ ಮರಳಿದ ಮೇಲೆ ಅಂಗಿಗೆ ಚುಚ್ಚಿಕೊಂಡರೆ ಅದೇ ಜಾಹೀರಾತು! ಪ್ರತಿ ವರ್ಷವೂ ವಿನ್ಯಾಸ ಬೇರೆ. ಹೀಗೆ 1967ರವರೆಗೆ ನಡೆಯಿತು. ವರ್ಷ ಮುಗಿದರೆ ಆ ಬ್ಯಾಡ್ಜು ಮತ್ತೆ ಸಿಗದು. ಜನ ಹುಡುಕಿ ಹುಡುಕಿ ಕೂಡಿಡಲು ಶುರು ಮಾಡಿದ್ದು ಅದಕ್ಕೇ. ಎರಡನೇ ಮಹಾಯುದ್ಧಕ್ಕೆ ಮೊದಲು ಶಿಬಿರಗಳೂ ಕಡಿಮೆ, ಬಂದವರೂ ಕಡಿಮೆ. ಹಾಗಾಗಿ ಆ ಕಾಲದ ಬ್ಯಾಡ್ಜುಗಳು ಈಗ ಅಪರೂಪ.

ಕುಲುಮೆಯಲ್ಲಿ ಏನಾಗುತ್ತದೆ?

ನಿಜವಾದ ಎನಾಮಲ್ ಎಂದರೆ ಗಾಜು. (ಹಲ್ಲಿನ ಎನಾಮಲ್ ಬೇರೆ, ಅದು ಗಾಜಲ್ಲ.) ಮೊದಲು ತಾಮ್ರದ ತಗಡಿನ ಮೇಲೆ ಅಚ್ಚೊತ್ತಿ ತಗ್ಗುಗಳನ್ನು ಮಾಡುತ್ತಾರೆ. ಗಾಜಿನ ಪುಡಿಯನ್ನು ನೀರಲ್ಲಿ ಕಲಸಿ ಆ ತಗ್ಗುಗಳಿಗೆ ತುಂಬಿ, ಒಣಗಿಸಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಇಡುತ್ತಾರೆ. ಕೆಲವೇ ನಿಮಿಷದಲ್ಲಿ ಗಾಜು ಕರಗಿ ಲೋಹಕ್ಕೆ ಅಂಟುತ್ತದೆ. ತಾಮ್ರ ಯಾಕೆ ಕರಗುವುದಿಲ್ಲ? ಅದು ಕರಗಲು 1085 ಡಿಗ್ರಿ ಬೇಕು! ಕೋಬಾಲ್ಟ್ ಆಕ್ಸೈಡ್ ಬೆರೆಸಿದರೆ ನೀಲಿ, ತಾಮ್ರದ ಆಕ್ಸೈಡ್ ಬೆರೆಸಿದರೆ ಹಸಿರು ಬರುತ್ತದೆ.

ಕಷ್ಟವಿರುವುದು ತಣಿಯುವಾಗ. ಗಾಜೂ ಲೋಹವೂ ಕುಗ್ಗುತ್ತವೆ. ಎರಡರ ಕುಗ್ಗುವಿಕೆಯಲ್ಲಿ ಹೆಚ್ಚು ವ್ಯತ್ಯಾಸವಿದ್ದರೆ ಗಾಜು ಬಿರುಕು ಬಿಡುತ್ತದೆ. ಲೋಹಕ್ಕಿಂತ ಸ್ವಲ್ಪವೇ ಕಡಿಮೆ ಕುಗ್ಗುವ ಗಾಜನ್ನು ಆರಿಸಿದರೆ ಲೋಹ ಅದನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಎಳೆದರೆ ಸುಲಭವಾಗಿ ಒಡೆಯುವ ಗಾಜು ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಜೈಪುರದ ಮೀನಾಕಾರಿ ಒಡವೆಗಳಲ್ಲಿ ಇರುವುದೂ ಇದೇ ಗಾಜು, ಇದೇ ಕುಲುಮೆಯ ಕೆಲಸ.

ಇಂದಿನ ಅಗ್ಗದ ಬ್ಯಾಡ್ಜುಗಳಲ್ಲಿ ಹೆಚ್ಚಿನವು ಹೀಗಲ್ಲ. 'ಸಾಫ್ಟ್ ಎನಾಮಲ್' ಎಂದರೆ ಒಣಗಿಸಿದ ಬಣ್ಣ. 'ಹಾರ್ಡ್ ಎನಾಮಲ್' ಎಂದು ಮಾರುವುದರಲ್ಲೂ ಎಷ್ಟೋ ಸಲ ಇರುವುದು ಪ್ಲಾಸ್ಟಿಕ್ಕಿನಂಥ ರಾಳ.

ಮಾಡಿ ನೋಡಿ

1. ಉಗುರನ್ನು ಮೆಲ್ಲಗೆ ಆಡಿಸಿ. ಲೋಹದ ಗೆರೆಗಿಂತ ಬಣ್ಣ ತಗ್ಗಿನಲ್ಲಿದ್ದರೆ ಅದು ಸಾಫ್ಟ್ ಎನಾಮಲ್ ಇರಬಹುದು.
2. ಭೂತಗನ್ನಡಿಯಲ್ಲಿ ನೋಡಿ. ಹಳೆಯ ಗಾಜಿನಲ್ಲಿ ಸೂಜಿಮೊನೆಯಷ್ಟು ಗುಳ್ಳೆ, ಏಟು ಬಿದ್ದಲ್ಲಿ ಗಾಜು ಒಡೆದಂಥ ಚೂಪು ಅಂಚು ಕಾಣಬಹುದು.
3. ಮುಂಭಾಗಕ್ಕೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಒಳಗೆ ಕಬ್ಬಿಣವಿದೆ. ತಾಮ್ರ, ಹಿತ್ತಾಳೆ ಅಂಟುವುದಿಲ್ಲ. ಹಿಂದಿನ ಪಿನ್ನು ಉಕ್ಕಿನದಿದ್ದೀತು, ಮೋಸ ಹೋಗಬೇಡಿ!

ಒಂದು ಎಚ್ಚರಿಕೆ: ಮನೆಯ ಹಿತ್ತಾಳೆ ಪಾತ್ರೆಯಂತೆ ಬ್ಯಾಡ್ಜನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಳಿಯಲ್ಲಿರುವ ಆಮ್ಲದಿಂದ ತೆಳು ಲೇಪ ಹೋದೀತು, ಕೆಲವು ಎನಾಮಲ್ ಮಂಕಾದೀತು. ಒಣಗಿದ ಮೆತ್ತನೆ ಬಟ್ಟೆ ಸಾಕು.

'ನೂರೇ ಮಾಡಿದ್ದೇವೆ' ಎಂದು ಯಾರಾದರೂ ಮಾರಿದರೆ ಒಮ್ಮೆ ಯೋಚಿಸಿ. ಅಚ್ಚು ಉಳಿದಿದ್ದರೆ ನೂರಾ ಒಂದನೆಯದನ್ನೂ ಒತ್ತಬಹುದಲ್ಲ? ದುಡ್ಡು ಕೊಟ್ಟು ಕೊಳ್ಳುವ ಬದಲು ಮನೆಯಲ್ಲಿ ಅಜ್ಜ, ಮಾಮ, ಅತ್ತೆಯರನ್ನು ಕೇಳಿ. ಪೆಟ್ಟಿಗೆಯ ತಳದಲ್ಲಿ ಒಂದು ಬ್ಯಾಡ್ಜು ಸಿಕ್ಕರೆ ಯಾವ ವರ್ಷದ್ದು, ಯಾರು ಕೊಟ್ಟದ್ದು, ಯಾವ ಲೋಹ, ಗಾಜೋ ಬಣ್ಣವೋ ಎಂದು ನೋಟುಬುಕ್ಕಿನಲ್ಲಿ ಬರೆದಿಡಿ. ನಿಮ್ಮ ಸಂಗ್ರಹ ಶುರುವಾಯಿತು!